ಯಾರ ಮುಂದೆ ಹೇಳಿಕೊಳ್ಳಲಿ?

(ದತ್ತಿ ಉಪನ್ಯಾಸದ ಬರಹರೂಪ)



ನನಗೆ ಕೊಟ್ಟ ವಿಷಯ ‘ಕನ್ನಡ ಸಣ್ಣಕತೆಯಲ್ಲಿ ಹೆಣ್ಣಿನ ಅಂತರಂಗ’. ಒಂದು ಗಂಟೆಯಲ್ಲಿ ಇದರ ದಡ ಮುಟ್ಟುವುದೂ ಕಷ್ಟ. ಹಾಗಾಗಿ ಒಂದೇ ಪ್ರಶ್ನೆ ಹಿಡಿದುಕೊಂಡು ಬಂದಿದ್ದೇನೆ. ಈ ಕತೆಗಳ ಹೆಣ್ಣುಗಳು ತಮ್ಮ ಮನಸ್ಸಿನ ಮಾತನ್ನು ಯಾರ ಮುಂದೆ ಹೇಳಿಕೊಳ್ಳುತ್ತಾರೆ? ಕೇಳುವ ಕಿವಿ ಯಾರದು?

ಒಂಟಿತನ ಎಂದ ಕೂಡಲೇ ಖಾಲಿ ಕೋಣೆ, ಕಿಟಕಿಯಾಚೆ ಮಳೆ ಕಣ್ಣಿಗೆ ಬರುತ್ತದೆ. ಅದು ಸಿನಿಮಾ ನಮಗೆ ಕಲಿಸಿದ್ದು. ನಮ್ಮ ಕತೆಗಾರ್ತಿಯರ ಹೆಣ್ಣುಗಳಿಗೆ ಖಾಲಿ ಕೋಣೆ ಎಲ್ಲಿಂದ ಬರಬೇಕು? ಅತ್ತೆ, ಮಾವ, ನಾದಿನಿಯರು, ಮೈದುನಂದಿರು, ಮಕ್ಕಳು, ಹೇಳದೆ ಕೇಳದೆ ಬಂದಿಳಿಯುವ ನೆಂಟರು, ಒಲೆಯ ಮೇಲೆ ಸದಾ ಏನೋ ಒಂದು. ಮುಟ್ಟಾಗಿ ಮೂರು ದಿನ ಹೊರಗೆ ಕೂತಾಗಲಷ್ಟೇ ಬಿಡುವು. ಹಿಂದಿನ ತಲೆಮಾರಿನ ಕೆಲವು ಹೆಂಗಸರು ಅದನ್ನು ‘ರಜೆ’ ಎನ್ನುತ್ತಿದ್ದರು, ತಮಾಷೆಗೆ ಮಾತ್ರ ಹಾಗೆನ್ನುತ್ತಿದ್ದರು ಎಂದು ನನಗನ್ನಿಸುವುದಿಲ್ಲ. ಮನೆ ತುಂಬ ಜನ, ದಿನವಿಡೀ ಮಾತು. ಆದರೆ ಆ ಮಾತೆಲ್ಲ ಅನ್ನ ಆಯಿತಾ, ಮಗು ಮಲಗಿತಾ, ಹಾಲು ಬಂತಾ ಎನ್ನುವಷ್ಟೇ. ನಾನು ಇವತ್ತು ಹೇಳಹೊರಟಿರುವ ಒಂಟಿತನ ಈ ತುಂಬಿದ ಮನೆಯದು.

ಎ.ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡ ಜನಪದ ಕತೆಗಳಲ್ಲಿ ಒಂದು ನಿಮ್ಮಲ್ಲಿ ಬಹಳ ಮಂದಿಗೆ ಗೊತ್ತು. ಗಿರೀಶ ಕಾರ್ನಾಡರು ‘ನಾಗಮಂಡಲ’ಕ್ಕೆ ಚೌಕಟ್ಟು ಮಾಡಿಕೊಂಡದ್ದೂ ಅದನ್ನೇ. ಒಬ್ಬಳು ಗೃಹಿಣಿಗೆ ಒಂದು ಕತೆ, ಒಂದು ಹಾಡು ಗೊತ್ತಿರುತ್ತದೆ. ಕತೆಯನ್ನು ಅವಳು ಯಾರಿಗೂ ಹೇಳುವುದಿಲ್ಲ, ಹಾಡನ್ನು ಹಾಡುವುದಿಲ್ಲ. ಒಳಗೇ ಉಸಿರುಗಟ್ಟಿದ ಅವೆರಡೂ ಒಂದು ದಿನ ಅವಳು ಬಾಯಿ ತೆರೆದು ಮಲಗಿದ್ದಾಗ ಹೊರಗೆ ಬರುತ್ತವೆ. ಕತೆ ಬಾಗಿಲಲ್ಲಿ ಒಂದು ಜೊತೆ ಜೋಡಾಗಿ ಕೂರುತ್ತದೆ, ಹಾಡು ಗಂಡಸಿನ ಕೋಟಾಗಿ ಗೂಟಕ್ಕೆ ನೇತುಬೀಳುತ್ತದೆ. ಗಂಡ ಬಂದವನೇ ಇವು ಯಾರವು ಎನ್ನುತ್ತಾನೆ. ಗೊತ್ತಿಲ್ಲ ಎನ್ನುತ್ತಾಳೆ, ನಿಜಕ್ಕೂ ಅವಳಿಗೆ ಗೊತ್ತಿಲ್ಲ. ಜಗಳವಾಗಿ ಅವನು ಕಂಬಳಿ ತೆಗೆದುಕೊಂಡು ಹನುಮಂತನ ಗುಡಿಗೆ ಹೋಗಿ ಮಲಗುತ್ತಾನೆ. ಊರಿನ ದೀಪಗಳನ್ನೆಲ್ಲ ಆರಿಸಿದ ಮೇಲೆ ಅವುಗಳ ಜ್ಯೋತಿಗಳು ಆ ಗುಡಿಯಲ್ಲಿ ಸೇರಿ ಹರಟೆ ಹೊಡೆಯುತ್ತವೆ. ತಡವಾಗಿ ಬಂದ ಇವನ ಮನೆಯ ದೀಪ ನಡೆದದ್ದನ್ನೆಲ್ಲ ಹೇಳುತ್ತದೆ. ಬೆಳಗಾಗುತ್ತಲೇ ಅವನು ಮನೆಗೆ ಬಂದು ಆ ಕತೆ ಯಾವುದು, ಹಾಡು ಯಾವುದು ಎಂದು ಹೆಂಡತಿಯನ್ನು ಕೇಳುತ್ತಾನೆ. ಅಷ್ಟರಲ್ಲಿ ಅವಳಿಗೆ ಎರಡೂ ಮರೆತುಹೋಗಿವೆ.

ಹೇಳದೆ ಉಳಿದ ಕತೆ ಸೇಡು ತೀರಿಸಿಕೊಳ್ಳುತ್ತದೆ ಎಂದು ಇದನ್ನು ಓದುವುದು ವಾಡಿಕೆ. ನನ್ನ ಗಮನ ಆ ಜೋಡು ಮತ್ತು ಕೋಟಿನ ಮೇಲೆ. ಹೆಂಡತಿಯ ಒಳಗಿದ್ದದ್ದು ಒಂದು ಕತೆ, ಒಂದು ಹಾಡು. ಅದು ಗಂಡನ ಕಣ್ಣಿಗೆ ಬಿದ್ದದ್ದು ಇನ್ನೊಬ್ಬ ಗಂಡಸಾಗಿ. ಅವಳಿಗೂ ಒಂದು ಒಳಮನಸ್ಸು ಇರಬಹುದು, ಅದರಲ್ಲಿ ತನಗೆ ಸಂಬಂಧಪಡದ್ದೇನೋ ಇರಬಹುದು ಎಂಬುದು ಅವನಿಗೆ ಹೊಳೆಯಲೇ ಇಲ್ಲ. ಅನುಮಾನ ಮಾತ್ರ ಬೇಗ ಹೊಳೆಯಿತು. ಕನ್ನಡದಲ್ಲಿ ಹೆಂಗಸರು ಬರೆದ ಕತೆಗಳನ್ನು ಓದುವಾಗಲೂ ಎಷ್ಟೋ ಜನ ಮೊದಲು ಹುಡುಕುವುದು ಈ ಕೋಟನ್ನೇ. ಇದು ಅವರದೇ ಕತೆಯಂತೆ ಹೌದಾ, ಗಂಡ ಒಪ್ಪಿದ್ದಾರಾ ಎಂಬ ಪ್ರಶ್ನೆಗಳು ಕತೆಗಾರ್ತಿಯರ ಸಂವಾದಗಳಲ್ಲಿ ಇವತ್ತಿಗೂ ಏಳುತ್ತವೆ.

ಕತೆ ಅಚ್ಚಾಗುವ ಮೊದಲು ಕೇಳುವವರು ಇರಲೇ ಇಲ್ಲ ಎಂದಲ್ಲ. ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ಕಲೆಹಾಕಿದ ‘ಗರತಿಯ ಹಾಡು’ 1931ರಲ್ಲಿ ಪ್ರಕಟವಾಯಿತು. ಅದರ ಎಷ್ಟೋ ತ್ರಿಪದಿಗಳು ಬೀಸುವ ಕಲ್ಲಿನ ಮುಂದೆ ಹುಟ್ಟಿದವು. ನಸುಕಿನಲ್ಲಿ ಮನೆಯವರೆಲ್ಲ ಮಲಗಿರುವಾಗ ಜೋಳ ಬೀಸುತ್ತಾ ತವರನ್ನು, ಅಣ್ಣನನ್ನು, ಸತ್ತ ತಾಯಿಯನ್ನು ಕರೆದು ಮಾತಾಡುವ ಹಾಡುಗಳು. ಕಲ್ಲು ಎದುರು ಮಾತಾಡುವುದಿಲ್ಲ, ಹೇಳಿದ್ದನ್ನು ಅತ್ತೆಗೆ ಮುಟ್ಟಿಸುವುದಿಲ್ಲ. ಬೀಸುವ ಕಷ್ಟವನ್ನು ಚಂದಗಾಣಿಸುವ ಆಸೆ ನನಗಿಲ್ಲ. ಹಿಟ್ಟಿನ ಗಿರಣಿ ಬಂದದ್ದು ರಟ್ಟೆಗಳ ಪುಣ್ಯ. ಆದರೆ ಗಿರಣಿಯ ಜೊತೆಗೆ ಆ ನಸುಕಿನ ಹೊತ್ತೂ ಹೋಯಿತು. ಆ ಜಾಗಕ್ಕೆ ಸಣ್ಣಕತೆ ಬಂತು ಎಂದರೆ ಇತಿಹಾಸ ಬಲ್ಲವರು ಒಪ್ಪಲಿಕ್ಕಿಲ್ಲ. ಬೀಸುತ್ತಿದ್ದವರು ಒಬ್ಬರು, ಬರೆದವರು ಇನ್ನೊಬ್ಬರು. ಈ ಅಂತರಕ್ಕೆ ಮುಂದೆ ಬರುತ್ತೇನೆ.

ಕೊಡಗಿನ ಗೌರಮ್ಮ 1912ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದರು, 1939ರಲ್ಲಿ ಹೊಳೆಯಲ್ಲಿ ಮುಳುಗಿ ತೀರಿಕೊಂಡರು. ‘ಮಿಸೆಸ್ ಬಿ.ಟಿ.ಜಿ. ಕೃಷ್ಣ’ ಎಂಬ ಹೆಸರಿನಲ್ಲಿ ಬರೆದರು. ‘ಕಂಬನಿ’, ‘ಚಿಗುರು’ ಎಂಬ ಎರಡೇ ಸಂಕಲನ. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ, ತಮ್ಮ ಮನೆಗೆ ಬರಲೇಬೇಕೆಂದು ಉಪವಾಸ ಕೂತು ಕರೆಸಿಕೊಂಡವರು, ಬಂದ ಮೇಲೆ ಹರಿಜನ ನಿಧಿಗೆ ಒಡವೆ ಬಿಚ್ಚಿಕೊಟ್ಟವರು. ಇಷ್ಟು ಗಟ್ಟಿ ಹೆಂಗಸಿನ ಕತೆಗಳಲ್ಲಿ ನಾಯಕಿಯರು ಬಾಯಿಬಿಟ್ಟು ಮಾತಾಡುವುದು ಎಷ್ಟು ಕಡಿಮೆ ಎಂಬುದು ನನ್ನನ್ನು ಪ್ರತಿ ಸಲವೂ ಕಾಡುತ್ತದೆ. ಮಾತು ಪತ್ರವಾಗಿ ಬರುತ್ತದೆ, ಇಲ್ಲವೇ ಗೆಳತಿಯ ಕಿವಿಗೆ ಬೀಳುತ್ತದೆ. ‘ವಾಣಿಯ ಸಮಸ್ಯೆ’ಯಲ್ಲಿ ಇಂದು ಎಂಬವಳು ಎಳೆಯ ವಿಧವೆ. ಪಕ್ಕದ ಮನೆಯ ಡಾಕ್ಟರು ಮತ್ತು ಅವನ ಹೆಂಡತಿ ವಾಣಿಯ ಸಂಸಾರ ನೋಡುತ್ತಾ ನೋಡುತ್ತಾ ಅವಳ ಮನಸ್ಸು ಹೋಗಬಾರದ ಕಡೆಗೆ ಹೋಗುತ್ತದೆ. ಅವಳಿಗೆ ಆಸೆಯಾದದ್ದು ಆ ಗಂಡಸಿಗೋ, ಆ ಸಂಸಾರಕ್ಕೋ, ಒಬ್ಬರನ್ನು ನೋಡಿಕೊಳ್ಳುವ ಹಕ್ಕಿಗೋ ಎಂಬುದನ್ನು ಗೌರಮ್ಮ ಬಿಡಿಸಿ ಹೇಳುವುದಿಲ್ಲ. ಬಿಡಿಸಿ ಹೇಳದಿರುವುದರಲ್ಲೇ ಕತೆಯ ಜಾಣ್ಮೆ. ವಿಧವೆಯನ್ನು ಕಂಡು ಮರುಗುವ ಕತೆಗಳು ಆಗಲೂ ಇದ್ದವು, ವಿಧವೆಗೂ ಆಸೆಯಿರುತ್ತದೆ ಎಂದು ತಣ್ಣಗೆ ಬರೆದದ್ದು ಹೊಸತು.

ಗೌರಮ್ಮನವರ ಕತೆಗಳಲ್ಲಿ ಕುಂದಿಲ್ಲವೆ? ಇದೆ. ಕೊನೆಗಳು ಅವಸರದವು, ಸಾವು, ಅಗಲಿಕೆ, ಆಕಸ್ಮಿಕಗಳು ಬೇಕೆಂದಾಗ ಬಂದುಬಿಡುತ್ತವೆ. ಇನ್ನಷ್ಟು ವರ್ಷ ಇದ್ದಿದ್ದರೆ ಎಂದು ಎಲ್ಲರೂ ಹೇಳುತ್ತಾರೆ, ನಾನೂ ಹೇಳುತ್ತೇನೆ.

ಅದೇ ಕಾಲದ ಗಂಡಸರು ಬರೆಯಲಿಲ್ಲವೆ ಎಂದು ನೀವು ಕೇಳಬಹುದು. ಬರೆದರು, ಚೆನ್ನಾಗಿಯೇ ಬರೆದರು. ಆನಂದರ ‘ನಾನು ಕೊಂದ ಹುಡುಗಿ’ಯಲ್ಲಿ ದೇವರ ಹೆಸರಿನಲ್ಲಿ ಬಸವಿ ಬಿಟ್ಟ ಹುಡುಗಿ ಚೆನ್ನಿಗೆ ಅತಿಥಿಯೊಬ್ಬ ಧರ್ಮಾಧರ್ಮ ತಿಳಿಹೇಳುತ್ತಾನೆ. ಬೆಳಗಾಗುವಷ್ಟರಲ್ಲಿ ಅವಳು ಜೀವ ಬಿಟ್ಟಿರುತ್ತಾಳೆ. ಅವನು ಅವಳಿಗೆ ಹೇಳಿದ್ದೇ ಹೇಳಿದ್ದು. ಅವಳು ಏನು ಯೋಚಿಸುತ್ತಿದ್ದಾಳೆಂದು ಕೇಳಲಿಲ್ಲ. ತನ್ನ ನಿರೂಪಕನ ಈ ಕಿವುಡನ್ನು ಬಲ್ಲ ಕತೆ ಅದು, ಅದಕ್ಕೇ ತಲೆಬರಹದಲ್ಲೇ ತಪ್ಪೊಪ್ಪಿಗೆ ಇದೆ. ಮುಂದಿನ ತಲೆಮಾರಿನ ಅನಂತಮೂರ್ತಿಯವರ ‘ಘಟಶ್ರಾದ್ಧ’ದಲ್ಲಿ ವಿಧವೆ ಯಮುನಕ್ಕನ ಸಂಕಟಕ್ಕೆ ಸಾಕ್ಷಿ ಪಾಠಶಾಲೆಗೆ ಬಂದ ಪುಟ್ಟ ಹುಡುಗ ನಾಣಿ. ಅವನು ಅವಳ ಜೊತೆಗಿರುತ್ತಾನೆ, ಹೆದರುತ್ತಾನೆ, ಎಲ್ಲವೂ ಅರ್ಥವಾಗುವುದಿಲ್ಲ. ಇಡೀ ಅಗ್ರಹಾರದಲ್ಲಿ ಅವಳಿಗೆ ಸಿಕ್ಕ ಮನುಷ್ಯ ಒಬ್ಬ ಮಗು! ದೊಡ್ಡ ಕತೆ, ಅನುಮಾನವಿಲ್ಲ. ಆದರೆ ಎರಡರಲ್ಲೂ ನಾವು ನಿಂತಿರುವುದು ಹೊಸ್ತಿಲಿನ ಈಚೆ. ಒಳಗೆ ಏನಾಯಿತೆಂಬುದು ನಮಗೆ ಗೊತ್ತಾಗುವುದು ಹೆಣ್ಣಿನ ದೇಹಕ್ಕೆ ಆದ ಗತಿಯಿಂದ.

ತ್ರಿವೇಣಿಯವರ ಬಗ್ಗೆ ಮಾತಾಡುವಾಗ ಎಲ್ಲರೂ ಕಾದಂಬರಿಗಳಿಗೇ ಹೋಗುತ್ತಾರೆ. ‘ಹೆಂಡತಿಯ ಹೆಸರು’, ‘ಎರಡು ಮನಸ್ಸು’, ‘ಸಮಸ್ಯೆಯ ಮಗು’ ಎಂಬ ಕಥಾಸಂಕಲನಗಳು ಅವರವಿವೆ ಎಂಬುದು ಮರೆತೇಹೋಗಿದೆ. ಮೈಸೂರಿನಲ್ಲಿ ಮನಶ್ಶಾಸ್ತ್ರ ಓದಿದವರು ಅವರು. ಆದ್ದರಿಂದ ಅವರ ಬರಹದಲ್ಲಿ ಕನ್ನಡಕ್ಕೆ ಹೊಸಬನೊಬ್ಬ ಕೇಳುಗ ಬಂದ: ಮನೋವೈದ್ಯ. ಹೆಣ್ಣಿನ ಅಳುವನ್ನು ದೆವ್ವದ ಕಾಟ, ಹಟಮಾರಿತನ ಎನ್ನುತ್ತಿದ್ದ ಮನೆಗಳಲ್ಲಿ ಅದು ಕಾಯಿಲೆ, ವಾಸಿಯಾಗುತ್ತದೆ ಎಂದು ಹೇಳುವುದೇ ದೊಡ್ಡ ಮಾತಾಗಿತ್ತು. ಆದರೆ ವೈದ್ಯ ಕೇಳಿದರೆ ಸಾಕೆ? ‘ಶರಪಂಜರ’ ಕಾದಂಬರಿಯ ಕಾವೇರಿ ಆಸ್ಪತ್ರೆಯಲ್ಲಿ ಗುಣವಾಗಿ ಬರುತ್ತಾಳೆ, ಮನೆಯಲ್ಲಿ ಮತ್ತೆ ಕೆಡುತ್ತಾಳೆ. ಅವಳು ಏನು ಮಾತಾಡಿದರೂ ಅದು ಹುಚ್ಚಿನ ಮಾತು ಎಂದು ಗಂಡ, ನೆರೆಹೊರೆ ಮೊದಲೇ ತೀರ್ಮಾನಿಸಿಕೊಂಡಿರುತ್ತಾರೆ. 1971ರಲ್ಲಿ ಪುಟ್ಟಣ್ಣನವರು ಅದನ್ನು ಸಿನಿಮಾ ಮಾಡಿದ ಮೇಲೆ ನಮಗೆ ನೆನಪಿರುವುದು ಕಲ್ಪನಾ ಅವರ ಅಬ್ಬರ. ಪುಸ್ತಕದ ಕಾವೇರಿ ಇನ್ನೂ ಮೆಲುದನಿಯವಳು.

ಆ ದಿನಗಳಲ್ಲೇ ‘ಅಡುಗೆಮನೆ ಸಾಹಿತ್ಯ’ ಎಂಬ ಬೈಗುಳ ಹುಟ್ಟಿತು. ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ತಂದು, ಸಾರು ಕುದಿಯುವಷ್ಟರಲ್ಲಿ ಎರಡು ಪುಟ ಓದಿ, ನಾಳೆ ಹಿಂದಿರುಗಿಸಬೇಕಾದ ಪುಸ್ತಕಗಳು. ಬೈದವರಿಗೆ ಕತೆಯ ಮಟ್ಟದ ಬಗ್ಗೆ ತಕರಾರಿತ್ತು, ಅದರಲ್ಲಿ ಸ್ವಲ್ಪ ಸತ್ಯವೂ ಇದೆ. ಆ ರಾಶಿಯಲ್ಲಿ ಜೊಳ್ಳು ಬಹಳ. ಆದರೆ ಆ ಓದುಗಿತ್ತಿ ಅಡುಗೆಮನೆಯಲ್ಲಿ ನಿಂತು ಏನು ಹುಡುಕುತ್ತಿದ್ದಳು ಎಂದು ಯಾರೂ ಕೇಳಲಿಲ್ಲ. ಇದೇ ಕಾಲದಲ್ಲಿ, ಯಾರ ಬೈಗುಳಕ್ಕೂ ಸಿಗದಂಥ ಗಟ್ಟಿ ಕತೆಗಳನ್ನು ಬರೆದ ರಾಜಲಕ್ಷ್ಮಿ ಎನ್. ರಾವ್ ‘ಸಂಗಮ’ ಎಂಬ ಒಂದೇ ಸಂಕಲನ ಕೊಟ್ಟು ಬರವಣಿಗೆ ನಿಲ್ಲಿಸಿಬಿಟ್ಟರು. ನವ್ಯ ಕತೆಯ ಚರಿತ್ರೆಗಳಲ್ಲಿ ಅವರ ಹೆಸರು ಒಂದು ಸಾಲಿನಲ್ಲಿ ಬಂದು ಹೋಗುತ್ತದೆ.

ಈಗ ವೈದೇಹಿ. ಇಲ್ಲಿ ಸ್ವಲ್ಪ ಹೊತ್ತು ಕೂರೋಣ.

ಆ ಹೆಸರು ಬಂದ ಬಗೆಯೇ ನನ್ನ ವಿಷಯಕ್ಕೆ ಹತ್ತಿರವಾದದ್ದು. ಕುಂದಾಪುರದ ತರುಣಿ ‘ಸುಧಾ’ ವಾರಪತ್ರಿಕೆಗೆ ಒಂದು ಕತೆ ಕಳಿಸುತ್ತಾರೆ. ಆಮೇಲೆ ಭಯವಾಗುತ್ತದೆ. ನಿಜವಾಗಿ ನಡೆದದ್ದು, ಅಚ್ಚು ಹಾಕಬೇಡಿ ಎಂದು ಬರೆಯುತ್ತಾರೆ. ಸಂಪಾದಕರು ‘ವೈದೇಹಿ’ ಎಂಬ ಹೆಸರಿಟ್ಟು ಅಚ್ಚು ಹಾಕುತ್ತಾರೆ. ಹೇಳಲೇಬೇಕೆಂಬ ಒತ್ತಡ ಒಂದು ಕಡೆ, ಕೇಳಬಾರದವರು ಕೇಳಿಯಾರೆಂಬ ಅಂಜಿಕೆ ಇನ್ನೊಂದು ಕಡೆ. ಮುಂದಿನ ಅರ್ಧ ಶತಮಾನದ ಅವರ ಕತೆಗಳು ಈ ಎರಡರ ನಡುವೆಯೇ ಓಡಾಡುತ್ತವೆ.

ವೈದೇಹಿಯವರ ಮನೆಗಳಲ್ಲಿ ವೈದ್ಯ ಬೇಕಾಗುವುದಿಲ್ಲ. ಹೆಂಗಸರು ಹೆಂಗಸರ ಮುಂದೆಯೇ ಮಾತಾಡುತ್ತಾರೆ, ಕುಂದಾಪುರದ ಕನ್ನಡದಲ್ಲಿ, ಅಡ್ಡಮಾತಿನಲ್ಲಿ, ನಗುತ್ತಾ. ‘ಅಕ್ಕು’ ಕತೆಯಲ್ಲಿ ಗಂಡ ಬಿಟ್ಟುಹೋದ ಅಕ್ಕುವಿಗೆ ತಲೆ ಸರಿಯಿಲ್ಲ ಎಂದು ಮನೆಯವರು ಹೇಳುತ್ತಾರೆ. ಸರಿಯಿಲ್ಲದ ಆ ತಲೆಯಿಂದ ಬರುವ ಮಾತುಗಳು ಮನೆಯ ಗುಟ್ಟುಗಳನ್ನೆಲ್ಲ ಅಂಗಳಕ್ಕೆ ತಂದು ಹಾಕುತ್ತವೆ. ಕಾವೇರಿಯ ಜೊತೆ ಅಕ್ಕುವನ್ನು ಇಟ್ಟು ನೋಡಿ. ಕಾವೇರಿಗೆ ಹುಚ್ಚು ಎಂಬ ಪಟ್ಟ ಬಾಯಿಕಟ್ಟು; ಅಕ್ಕುವಿಗೆ ಅದೇ ಪರವಾನಗಿ. ಹುಚ್ಚಿಯ ಮಾತನ್ನು ಯಾರೂ ಲೆಕ್ಕಕ್ಕಿಡುವುದಿಲ್ಲ ಎಂದಾದರೆ ಯಾರಿಗೂ ಹೆದರಬೇಕಾಗಿಲ್ಲವಲ್ಲ!

‘ಗುಲಾಬಿ ಟಾಕೀಸು ಮತ್ತು ಸಣ್ಣ ಅಲೆಗಳು’ ಕತೆಯಲ್ಲಿ ಸಣ್ಣ ಊರಿಗೆ ಸಿನಿಮಾ ಟಾಕೀಸು ಬರುತ್ತದೆ, ಸೂಲಗಿತ್ತಿಯೊಬ್ಬಳು ಹೆಂಗಸರ ಕಡೆಯ ಗೇಟು ಕಾಯುತ್ತಾಳೆ. ಹೆರಿಗೆಮನೆಯ ಕೂಗು ಕೇಳಿದವಳ ಕೈಗೇ ಈಗ ಕತ್ತಲ ಕೋಣೆಯ ಬಾಗಿಲು. ಆ ಕತ್ತಲಲ್ಲಿ ಹೆಂಗಸರು ಪರದೆಯ ಮೇಲಿನವರ ಕಷ್ಟಕ್ಕೆ ಅಳಬಹುದು. ಯಾಕೆ ಅಳುತ್ತೀ ಎಂದು ಕೇಳಿದರೆ ಹೇಳುವುದಕ್ಕೆ ಕಾರಣವೂ ಇದೆ. ಗಿರೀಶ ಕಾಸರವಳ್ಳಿಯವರು 2008ರಲ್ಲಿ ಮಾಡಿದ ಸಿನಿಮಾ ಬೇರೆ ದಾರಿ ಹಿಡಿಯಿತು, ಅದರ ಚರ್ಚೆ ಇಲ್ಲಿ ಬೇಡ.

ನನಗೆ ಅತ್ಯಂತ ಮುಖ್ಯವೆನಿಸುವುದು ‘ಶಕುಂತಲೆಯೊಂದಿಗೆ ಕಳೆದ ಅಪರಾಹ್ನ’. ಮಹಾಭಾರತದ ಶಕುಂತಲೆ ತುಂಬಿದ ಸಭೆಯಲ್ಲಿ ದುಷ್ಯಂತನಿಗೆ ಎದುರು ನಿಂತು ವಾದಿಸುವವಳು. ಕಾಳಿದಾಸ ದುರ್ವಾಸರ ಶಾಪ ತಂದ, ಉಂಗುರ ತಂದ. ಹೀಗೆ ರಾಜನ ಮರೆವಿಗೆ ಕಾರಣ ಸಿಕ್ಕಿತು, ಅವನ ಮರ್ಯಾದೆ ಉಳಿಯಿತು. ವೈದೇಹಿ ಇವೆರಡನ್ನೂ ಬಿಟ್ಟು ಒಂದು ಮಧ್ಯಾಹ್ನವನ್ನು ಆರಿಸಿಕೊಳ್ಳುತ್ತಾರೆ. ಎದುರಿಗೆ ಒಬ್ಬಳು ಕೂತಿದ್ದಾಳೆ, ಶಕುಂತಲೆ ಹೇಳುತ್ತಿದ್ದಾಳೆ, ಅಷ್ಟೇ. ಕೇಳುವವಳು ತೀರ್ಪು ಕೊಡುವುದಿಲ್ಲ, ಬುದ್ಧಿ ಹೇಳುವುದಿಲ್ಲ. ಅಪರಾಹ್ನ ಎಂಬುದನ್ನೂ ಗಮನಿಸಿ. ಊಟವಾಗಿ, ಪಾತ್ರೆ ತೊಳೆದು, ಗಂಡಸರು ಮಲಗಿ, ಸಂಜೆಯ ಕಾಫಿಗೆ ಒಲೆ ಹಚ್ಚುವ ನಡುವಿನ ಹೊತ್ತು. ಬೀಸುವ ಕಲ್ಲಿಗೆ ನಸುಕು ಹೇಗೋ ಕನ್ನಡದ ಕತೆಗಾರ್ತಿಗೆ ಅಪರಾಹ್ನ ಹಾಗೆ. ಈ ಪ್ರಕಾರ ಸಣ್ಣದಾದದ್ದಕ್ಕೆ ಕಲೆಯ ಕಾರಣಗಳನ್ನು ವಿಮರ್ಶಕರು ಬೇಕಾದಷ್ಟು ಹೇಳಿದ್ದಾರೆ. ಎರಡು ಗಂಟೆಯೊಳಗೆ ಮುಗಿಸಬೇಕಾಗಿತ್ತು ಎಂಬುದೂ ಒಂದು ಕಾರಣವಾಗಿರಬಹುದು.

ಆಗ ಅಂತರ ಎಂದೆನಲ್ಲ, ಅದು ಇಲ್ಲಿದೆ. ಆ ಅಪರಾಹ್ನ ಎಲ್ಲ ಹೆಂಗಸರಿಗೂ ಇರಲಿಲ್ಲ. ಕಳೆ ಕೀಳುವವಳಿಗೆ, ಇಟ್ಟಿಗೆ ಹೊರುವವಳಿಗೆ, ಆ ತುಂಬಿದ ಮನೆಯಲ್ಲೇ ಪಾತ್ರೆ ತೊಳೆದು ಹೋಗುವವಳಿಗೆ ಮಧ್ಯಾಹ್ನವೆಂದರೆ ಬಿಸಿಲು. ಒಳಮನಸ್ಸು ಎಂದು ನಾವು ಕೊಂಡಾಡಿದ್ದು ಬಹುಪಾಲು ನಡುಮನೆಯುಳ್ಳವರ ಒಳಮನಸ್ಸನ್ನು. ಇದನ್ನು ಹೇಳದೆ ಈ ಉಪನ್ಯಾಸ ಮುಗಿಸುವುದು ಅಪ್ರಾಮಾಣಿಕ. ಕಲಬುರಗಿಯ ಗೀತಾ ನಾಗಭೂಷಣ ಅವರ ಹೆಣ್ಣುಗಳು ದುಡಿದು ದಣಿದವರು, ಬೀದಿಯಲ್ಲಿ ನಿಂತು ಬಾಯಿ ಮಾಡುವವರು. 2004ರಲ್ಲಿ ‘ಬದುಕು’ ಕಾದಂಬರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು, ಕನ್ನಡದ ಲೇಖಕಿಯೊಬ್ಬರಿಗೆ ಅದೇ ಮೊದಲು. ಅಲ್ಲಿ ಪಿಸುಮಾತಿಲ್ಲ, ಜಗಳ ಇದೆ. ಕೂಗಾಡುವವಳಿಗೆ ಒಂಟಿತನ ಇರುವುದಿಲ್ಲ ಎಂದು ನಾವು ತಿಳಿದಿದ್ದರಿಂದ, ಅವರನ್ನು ಶೋಷಣೆಯ ಕತೆ ಬರೆದವರೆಂದು ಒಂದು ಅರೆಯಲ್ಲಿಟ್ಟೆವು, ಅಂತರಂಗದವರನ್ನು ಇನ್ನೊಂದು ಅರೆಯಲ್ಲಿಟ್ಟೆವು.

ವೀಣಾ ಶಾಂತೇಶ್ವರ ಅವರ ಧಾರವಾಡದ ಹೆಣ್ಣಿಗೆ ಸಂಬಳವಿದೆ, ಓದಿದೆ. ‘ಅವಳ ಸ್ವಾತಂತ್ರ್ಯ’ ಎಂಬ ತಲೆಬರಹವೇ ಕುಟುಕುತ್ತದೆ: ದುಡಿಮೆ ಅವಳದು, ತೀರ್ಮಾನ ಬೇರೆಯವರದು. ಸಹೋದ್ಯೋಗಿಗಳ ಮುಂದೆ ಸುಖಿಯಂತೆ ಕಾಣಿಸಿಕೊಳ್ಳಬೇಕಾದ ಕೆಲಸವೂ ಈಗ ಸೇರಿಕೊಂಡಿತು. ಕೇಳುವವರಿಲ್ಲದ್ದಕ್ಕಿಂತ ಇದು ಇನ್ನೊಂದು ಬಗೆ. ಕೇಳುವವರಿದ್ದಾರೆ, ಹೇಳಿದರೆ ನಗೆಪಾಟಲು.

ಕೊನೆಗೆ ಬಾನು ಮುಷ್ತಾಕ್. 2025ರಲ್ಲಿ ‘ಹಾರ್ಟ್ ಲ್ಯಾಂಪ್’ಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ ನಾವೆಲ್ಲ ಸಿಹಿ ಹಂಚಿದೆವು. ಕನ್ನಡಕ್ಕೆ ಮೊದಲು, ಸಣ್ಣಕತೆಗಳ ಸಂಕಲನವೊಂದಕ್ಕೂ ಮೊದಲು. ಅನುವಾದಿಸಿದ ದೀಪಾ ಭಾಸ್ತಿ ಮಡಿಕೇರಿಯವರು. ಅದಕ್ಕೂ ಮೊದಲು ಗೌರಮ್ಮನವರ ಕತೆಗಳನ್ನು ಇಂಗ್ಲಿಷಿಗೆ ತಂದವರೂ ಅವರೇ. ಹಾಸನದಲ್ಲಿ ವಕೀಲಿ ಮಾಡಿದ ಬಾನು ಅವರಿಗೆ ಹೆಂಗಸರ ಮಾತು ಕೇಳುವುದು ಹೊಟ್ಟೆಪಾಡಿನ ಭಾಗವೂ ಆಗಿತ್ತು. ಕೋರ್ಟಿನಲ್ಲಿ ಕೇಳಿದ್ದಕ್ಕೆ ಪರಿಹಾರ ಕೇಳಬಹುದು, ಜೀವನಾಂಶ ಕೇಳಬಹುದು. ಅರ್ಜಿಯಲ್ಲಿ ಬರೆಯಲಾಗದ್ದು ಕತೆಗೆ ಉಳಿಯಿತು. ‘ಒಮ್ಮೆ ಹೆಣ್ಣಾಗು ಪ್ರಭುವೇ’ ಕತೆಯ ಹೆಣ್ಣು ಮಾತಾಡುವುದು ನೇರವಾಗಿ ದೇವರ ಜೊತೆ. ಕಲ್ಲು, ಗೆಳತಿ, ವೈದ್ಯ, ನೆರೆಮನೆ ಎಲ್ಲ ದಾಟಿ ಸುಪ್ರೀಂ ಕೋರ್ಟಿಗೆ ಹೋದ ಹಾಗೆ. ಕ್ಷಮಿಸು ಎಂದೂ ಅವಳು ಬೇಡುವುದಿಲ್ಲ. ನೀನು ಇದನ್ನು ಅನುಭವಿಸಿ ನೋಡು, ಆಮೇಲೆ ನ್ಯಾಯ ಹೇಳು ಎನ್ನುತ್ತಾಳೆ. ಕೇಳುವವನಿಗೂ ಒಂದು ಅರ್ಹತೆ ಬೇಕೆಂದು ಕೇಳಿದ ಹೆಣ್ಣು ಕನ್ನಡ ಕತೆಯಲ್ಲಿ ಇವಳಿಗಿಂತ ಮೊದಲು ನನಗೆ ಸಿಕ್ಕಿಲ್ಲ.

‘ಎದೆಯ ಹಣತೆ’ಯ ಮೆಹರುನ್ ಗಂಡನ ಇನ್ನೊಂದು ಸಂಬಂಧ ತಿಳಿದು ಕೂಸನ್ನೆತ್ತಿಕೊಂಡು ತವರಿಗೆ ಬರುತ್ತಾಳೆ. ಗರತಿಯ ಹಾಡಿನ ಹೆಣ್ಣು ನಸುಕಿನಲ್ಲಿ ಕರೆದದ್ದು ಇದೇ ತವರನ್ನು, ಇದೇ ಅಣ್ಣಂದಿರನ್ನು. ಅಣ್ಣಂದಿರು ಇದ್ದಾರೆ, ಹಿರಿಯರು ಇದ್ದಾರೆ, ಮನೆ ತುಂಬಿದೆ. ಅವಳಾಡುವ ಒಂದೊಂದು ಮಾತೂ ಮನೆತನದ ಮಾನದ ಲೆಕ್ಕಕ್ಕೆ ಹೋಗುತ್ತದೆ. ಹೀಗೆ ಬರುವುದಕ್ಕಿಂತ ಸುಟ್ಟುಕೊಂಡು ಸಾಯಬಹುದಿತ್ತು ಎಂಬರ್ಥದ ಮಾತನ್ನೂ ಕೇಳಿಸಿಕೊಂಡು, ವಾಪಸ್ಸು ಗಂಡನ ಮನೆಗೆ ಬಂದು, ರಾತ್ರಿ ಮೈಮೇಲೆ ಸೀಮೆಎಣ್ಣೆ ಸುರಿದುಕೊಳ್ಳುತ್ತಾಳೆ. ಆಗ ಹಿರಿಯ ಮಗಳು ಸಲ್ಮಾ ತಂಗಿಯನ್ನೆತ್ತಿಕೊಂಡು ಓಡಿ ಬಂದು ಕಾಲು ಹಿಡಿಯುತ್ತಾಳೆ. ಅವನಿಗೋಸ್ಕರ ಸಾಯುವವಳು ನಮಗೋಸ್ಕರ ಬದುಕಲಾರೆಯಾ ಎನ್ನುತ್ತಾಳೆ. ಸಲ್ಮಾಗೆ ಯಾರೂ ಏನೂ ಹೇಳಿರಲಿಲ್ಲ. ಅವಳಿಗೆ ಎಲ್ಲ ಗೊತ್ತಿತ್ತು. ಬಾಗಿಲ ಹಿಂದೆ ನಿಂತು ಕೇಳಿದ್ದಳು, ಮಕ್ಕಳು ಕೇಳುವಂತೆ.

ಇಲ್ಲಿ ಓದುಗರಿಗೆ ಕಣ್ಣೀರೂ ಸಮಾಧಾನವೂ ಒಟ್ಟಿಗೇ ಬರುತ್ತವೆ. ಕೇಳುವವಳು ಕೊನೆಗೂ ಸಿಕ್ಕಳು ಎಂದು. ನನಗೆ ಸಮಾಧಾನ ಬರುವುದಿಲ್ಲ. ನಾಣಿಯನ್ನು ನೆನೆದುಕೊಂಡರೆ ಇದು ಎರಡನೇ ಸಲ ಒಂದು ಮಗುವಿನ ಹೆಗಲಿಗೆ ಬೀಳುತ್ತಿರುವುದು. ದೊಡ್ಡವರು ಒಬ್ಬರೂ ಕಿವಿಗೊಡದ ಮನೆಯಲ್ಲಿ ಓದುವ ಹುಡುಗಿಯೊಬ್ಬಳು ತಾಯಿಯ ತಾಯಿಯಾಗಿದ್ದಾಳೆ. ನಾಳೆ ಬೆಳಗ್ಗೆ ಅವಳು ಎದ್ದು ತಮ್ಮತಂಗಿಯರಿಗೆ ತಿಂಡಿ ಮಾಡಿಕೊಟ್ಟು, ಪರೀಕ್ಷೆಗೆ ಓದಬೇಕು. ಆ ಸೀಮೆಎಣ್ಣೆಯ ವಾಸನೆಯನ್ನು ಅವಳು ಯಾರ ಮುಂದೆ ಹೇಳಿಕೊಳ್ಳುತ್ತಾಳೆ?

ಸಲ್ಮಾಳ ಕಡೆಯಿಂದ ಬರೆದ ಕತೆಯನ್ನು ನಾನು ಇನ್ನೂ ಓದಿಲ್ಲ. ಇಪ್ಪತ್ತು ವರ್ಷಕ್ಕೂ ಹಿಂದೆ ಪ್ರಕಟವಾದ ಕತೆ ಅದು, ಅವಳಿಗೆ ಈಗ ಮೂವತ್ತೈದು ದಾಟಿರಬೇಕು. ಈ ಸಭೆಯ ಹಿಂದಿನ ಸಾಲುಗಳಲ್ಲಿ ಬರೆಯುವ ಹೆಣ್ಣುಮಕ್ಕಳು ಕೂತಿರುವುದು ಕಾಣಿಸುತ್ತಿದೆ. ಅಧ್ಯಕ್ಷರು ಒಪ್ಪಿದರೆ ಉಳಿದ ಹೊತ್ತಿನಲ್ಲಿ ಅವರು ಮಾತಾಡಲಿ, ನಾನು ಕೂತು ಕೇಳುತ್ತೇನೆ.